ಆ ಹುಡುಗಿಯ ಕೈಗೊಂದು ಸಲಿಕೆ ಕೊಡಿ

ಕಿಶೋರ ವಯಸ್ಸಿನ ಓದುಗರಿಗೆಂದು ಬರೆಯುವ ಸಾಹಸಕಥೆಗಳಲ್ಲಿ ಒಂದು ಕುಲವಿದೆ. ಅದರ ಆರಂಭ ಹೆಚ್ಚುಕಡಮೆ ಎಲ್ಲೆಲ್ಲಿಯೂ ಒಂದೇ. ಶಾಲೆಯ ಪಾಠ, ಗೆಳತಿಯರ ಜಗಳ, ಮನೆಯವರ ಮೇಲಣ ಮುನಿಸು ಇವುಗಳ ನಡುವೆ ಬೇಸತ್ತಿರುವ ಹದಿಮೂರೋ ಹದಿನಾಲ್ಕೋ ವಯಸ್ಸಿನ ಹುಡುಗಿಯೊಬ್ಬಳು, ಅಜ್ಜಿಯ ಪೆಟ್ಟಿಗೆಯಲ್ಲಿ ದೊರೆತ ಒಂದು ಪದಕವನ್ನೋ ತುಕ್ಕುಹಿಡಿದ ಬೀಗದ ಕೈಯನ್ನೋ ಮುಟ್ಟಿದೊಡನೆ ಕಾಲದ ಕದ ತೆರೆದು, ಎರಡು ಮೂರು ಶತಮಾನಗಳಷ್ಟು ಹಿಂದಕ್ಕೆ ಹೋಗಿ ಬಿದ್ದು, ಅಲ್ಲಿ ತನ್ನ ಪೂರ್ವಿಕರನ್ನೇ ಕಂಡು, ಯಾವುದೋ ವಿಪತ್ತಿನಿಂದ ಯಾರನ್ನೋ ಉಳಿಸಿ, ಕಡೆಯ ಅಧ್ಯಾಯದ ಹೊತ್ತಿಗೆ ಕ್ಷೇಮವಾಗಿ ಮನೆಗೆ ಮರಳುವುದು ಇದರ ರೂಢಿ. ಕೆನಡಾ ದೇಶದ ಪೂರ್ವದ ಕಡಲಂಚಿನ ಪ್ರಾಂತಗಳಲ್ಲಿ ಈ ಕುಲದ ಕಥೆಗೆ ತಾನಾಗಿಯೇ ಒದಗಿಬರುವ ವಸ್ತುವೆಂದರೆ ಅಕೇಡಿಯನ್ನರ ಚರಿತ್ರೆ, ಎಂದರೆ ಅಲ್ಲಿ ನೆಲೆಸಿದ್ದ ಫ್ರೆಂಚ್ ಮೂಲದ ರೈತರು ಇಂಗ್ಲಿಷರ ಕೈಯಲ್ಲಿ ಗಡಿಪಾರಾದ ಕಥೆ. ಹುಡುಗಿ ಕಣ್ಣು ಬಿಟ್ಟಾಗ ಇಸವಿ 1755; ಊರು ಗ್ರಾಂಪ್ರೆ; ದಿನ ಸೆಪ್ಟೆಂಬರ್ 5; ಚರ್ಚಿನ ಬಾಗಿಲಿಗೆ ಕೆಂಪಂಗಿಯ ಸಿಪಾಯಿಗಳ ಕಾವಲು.

ನನ್ನ ತಕರಾರು ಕಾಲಯಾನದ ಮೇಲಲ್ಲ. ಮಕ್ಕಳಿಗೆ ಚರಿತ್ರೆಯನ್ನು ಹೇಳಲು ಇಸವಿಗಳ ಪಟ್ಟಿಗಿಂತ ಅದು ಎಷ್ಟೋ ಮೇಲು. ತಕರಾರು ಇರುವುದು ಹುಡುಗಿಯನ್ನು ಇಳಿಸಲು ಆರಿಸಿಕೊಳ್ಳುವ ದಿನದ ಮೇಲೆ. ಒಂದು ಜನಾಂಗದ ನೂರೈವತ್ತು ವರ್ಷಗಳ ಬಾಳಿನಲ್ಲಿ ಆ ಜನ ಏನನ್ನೂ ಮಾಡಲಾಗದೆ ಸುಮ್ಮನೆ ಕೈಕಟ್ಟಿ ನಿಂತಿದ್ದ ಒಂದೇ ಒಂದು ಮಧ್ಯಾಹ್ನವನ್ನು ಹೆಕ್ಕಿ ತೆಗೆದು, ಇದೇ ನಿಮ್ಮ ಚರಿತ್ರೆ ಎಂದು ಅವರ ವಂಶದ ಮಕ್ಕಳ ಮುಂದೆ ಇಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಚರ್ಚಿನ ಬಾಗಿಲನ್ನು ಬಿಟ್ಟು ಆಕೆಯನ್ನು ಕಡಲ ಕೆಸರಿನ ಏರಿಯ ಮೇಲೆ ಇಳಿಸಬೇಕು. ಅದೂ ಸರ್ವನಾಶಕ್ಕೆ ಇಪ್ಪತ್ತು ವರ್ಷ ಮುಂಚೆ, ಇಲ್ಲವೆ ಅದಾದ ಐದಾರು ವರ್ಷಗಳ ಮೇಲೆ.

ಕಾಲವನ್ನು ದಾಟಿಸುವ ಕಥೆ ಹೊಸದೇನೂ ಅಲ್ಲ. ನಮ್ಮ ವಿಷ್ಣುಪುರಾಣದ ರೈವತ ಕಕುದ್ಮಿ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಂಧರ್ವರ ಗಾನವೊಂದು ಮುಗಿಯುವವರೆಗೆ ಕಾದು, ಹಿಂದಿರುಗುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಸಂದುಹೋಗಿದ್ದವು. ಆತನಿಲ್ಲದ ವೇಳೆಯಲ್ಲಿ ರಾಜಧಾನಿಯಾದ ಕುಶಸ್ಥಲಿಯನ್ನು ರಾಕ್ಷಸರು ಹಾಳುಗೆಡವಿ, ಆತನ ನೂರು ಮಂದಿ ತಮ್ಮಂದಿರು ಭಯದಿಂದ ದಿಕ್ಕುದಿಕ್ಕಿಗೆ ಚದರಿಹೋಗಿ, ಆ ನೆಲದಲ್ಲಿ ಬೇರೆಯವರ ದ್ವಾರಕೆ ಎದ್ದು ನಿಂತಿತ್ತು. ಅಕೇಡಿಯನ್ನರ ಕಥೆಯನ್ನು ಓದುವಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುವುದುಂಟು. ಪಾಶ್ಚಾತ್ಯರಲ್ಲಿ ಕಾದಂಬರಿಕಾರ ವೆಲ್ಸ್ 1895ರಲ್ಲಿ ತನ್ನ ಕಾಲಯಂತ್ರವನ್ನು ಮುಂದಕ್ಕೆ ಓಡಿಸಿದನು. ಅದಕ್ಕೆ ಮೊದಲೇ, 1889ರಲ್ಲಿ, ಮಾರ್ಕ್ ಟ್ವೇನ್ ಒಬ್ಬ ಅಮೆರಿಕನ್ ಕುಶಲಕರ್ಮಿಯನ್ನು ಆರ್ಥರ್ ರಾಜನ ಆಸ್ಥಾನಕ್ಕೆ ಕಳುಹಿಸಿದ್ದನು. ಅವನು ಸೂರ್ಯಗ್ರಹಣದ ವೇಳೆಯನ್ನು ಬಲ್ಲವನಾದುದರಿಂದ ಅಲ್ಲಿಯವರನ್ನು ಬೆದರಿಸಿ ಮೇಲಧಿಕಾರಿಯಾಗಿಬಿಟ್ಟನು. ಇಂದಿನವರ ಅರಿವೇ ಅಂದಿನವರ ಮೇಲೆ ನಮಗಿರುವ ಬಲವೆಂಬ ಈ ಭಾವನೆ ಕಿಶೋರರ ಕಥೆಗಳಿಗೆ ಅಲ್ಲಿಂದಲೇ ಇಳಿದುಬಂದಿದೆ. ಆಕ್ಟೇವಿಯ ಬಟ್ಲರ್ ಎಂಬ ಕಪ್ಪುಜನಾಂಗದ ಲೇಖಕಿ 1979ರ ‘ಕಿಂಡ್ರೆಡ್’ ಕಾದಂಬರಿಯಲ್ಲಿ ಈ ಭಾವನೆಯ ಬೆನ್ನೆಲುಬನ್ನೇ ಮುರಿದರು. ಆಕೆಯ ನಾಯಿಕೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಹೋಗಿ ಬೀಳುವಾಗ ಅವಳು ಬಲ್ಲ ಚರಿತ್ರೆಯೆಲ್ಲ ಜೊತೆಗಿದ್ದರೂ ಅದರಿಂದ ಒಂದು ಚಾಟಿಯೇಟೂ ತಪ್ಪುವುದಿಲ್ಲ. ಅಕೇಡಿಯಕ್ಕೆ ಹೋಗುವ ಹುಡುಗಿಯೂ ಹೀಗೆಯೇ ಬರಿಗೈಯಲ್ಲಿ ಹೋಗಬೇಕು.

ಹಾಗಾದರೆ ಅಕೇಡಿಯ ಯಾವುದು? ಇಂದಿನ ನೋವಾ ಸ್ಕೋಷಿಯ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ದ್ವೀಪ ಇವುಗಳ ಕರಾವಳಿಯಲ್ಲಿ ಫ್ರೆಂಚರು ಹೂಡಿದ ವಸಾಹತಿಗೆ ಆ ಹೆಸರು. 1604ರಲ್ಲಿ ಸೇಂಟ್ ಕ್ರಾಯ್ ಎಂಬ ನಡುಗಡ್ಡೆಯಲ್ಲಿ ಡ್ಯುಗುವಾ ದ ಮೋನ್ಸ್ ಮತ್ತು ಶಾಂಪ್ಲೇನ್ ಇವರ ತಂಡ ಇಳಿಯಿತು. ಎಪ್ಪತ್ತೊಂಬತ್ತು ಮಂದಿಯಲ್ಲಿ ಸುಮಾರು ಅರ್ಧ ಭಾಗ ಮೊದಲನೆಯ ಚಳಿಗಾಲದಲ್ಲಿಯೇ ವಸಡು ಕೊಳೆಯುವ ರೋಗದಿಂದ ಸತ್ತರು. ಉಳಿದವರು ಮರುವರ್ಷ ಫಂಡಿ ಕೊಲ್ಲಿಯ ಆಚೆ ದಡದ ಪೋರ್ಟ್ ರಾಯಲಿಗೆ ಹೋದರು. 1630ರ ದಶಕದಲ್ಲಿ ಹೆಂಗಸರು ಮಕ್ಕಳೊಡನೆ ಸಂಸಾರಗಳು ಬಂದು ನೆಲೆಸಿದ ಮೇಲೆ ಅದು ನಿಜವಾಗಿ ಊರಾಯಿತು. 1680ರ ಸುಮಾರಿಗೆ ಆ ಮನೆಗಳಿಂದ ಕವಲೊಡೆದ ಕೆಲವರು ಕೊಲ್ಲಿಯ ಒಳಮೂಲೆಯ ಮೀನಾಸ್ ಪ್ರದೇಶಕ್ಕೆ ಬಂದು ಗ್ರಾಂಪ್ರೆಯನ್ನು ಕಟ್ಟಿದರು. ಮಿಕ್ಕ ಯುದ್ಧಗಳು, ಗವರ್ನರುಗಳ ಕಿತ್ತಾಟಗಳು ನಮಗಿಲ್ಲಿ ಬೇಡ.

ಬೇಕಾದುದು ಏರಿ. ಫಂಡಿ ಕೊಲ್ಲಿಯ ಉಬ್ಬರವಿಳಿತ ಲೋಕದಲ್ಲಿಯೇ ಅತ್ಯುನ್ನತವಾದುದು. ಮೀನಾಸ್‌ನ ಒಳಗೊಲ್ಲಿಯಲ್ಲಿ ನೀರು ಹದಿನಾರು ಮೀಟರಿನವರೆಗೆ ಏರಿಳಿಯುವುದುಂಟು. ದಿನಕ್ಕೆರಡು ಸಲ ಕಡಲು ಬಂದು ಮುಳುಗಿಸಿ ಹೋಗುವ ಉಪ್ಪುಜೌಗಿನ ಬಯಲನ್ನು ಕಂಡು ಇತರ ವಲಸೆಗಾರರು ಬೆನ್ನು ತಿರುಗಿಸಿ ಕಾಡು ಕಡಿಯಲು ಹೊರಟರೆ, ಪಶ್ಚಿಮ ಫ್ರಾನ್ಸಿನ ಪ್ವಾತೂ, ಸೇಂತೋಂಜ್ ಸೀಮೆಗಳ ಜೌಗು ನೆಲವನ್ನೂ ಉಪ್ಪಿನ ಗದ್ದೆಗಳನ್ನೂ ಕಂಡಿದ್ದ ಈ ಜನ ಕಾಡಿನ ಗೊಡವೆಗೆ ಅಷ್ಟಾಗಿ ಹೋಗದೆ ಕಡಲಿನೊಡನೆಯೇ ವ್ಯವಹಾರ ಕುದುರಿಸಿದರು. ಉಪ್ಪುಹುಲ್ಲಿನ ಬೇರು ಒಂದರೊಳಗೊಂದು ಹೆಣೆದುಕೊಂಡಿರುವ ಕೆಸರನ್ನು, ನೀಳವಾದ ಕಿರಿದಲಗಿನ ಸಲಿಕೆಯಿಂದ ಇಟ್ಟಿಗೆಯಾಕಾರದ ಹೆಂಟೆಗಳಾಗಿ ಕೊಯ್ದು, ಹುಲ್ಲಿನ ಮೈ ಹೊರಗಾಗುವಂತೆ ಸಾಲಿಟ್ಟು, ನಡುವೆ ಮಣ್ಣು ತುಂಬಿ ತುಳಿದು ಏರಿ ಕಟ್ಟುವರು. ತೊರೆಯೊಂದು ಬಯಲನ್ನು ಸೀಳಿ ಕಡಲಿಗೆ ಹರಿಯುವೆಡೆಯಲ್ಲಿ ಏರಿಯ ಬುಡದಲ್ಲಿ ಒಳಗನ್ನು ಕೊರೆದ ಮರದ ದಿಮ್ಮಿಯ ತೂಬನ್ನು ಹೂಳುವರು. ಅದರೊಳಗೆ ಮೇಲಿನಿಂದ ತೂಗುಬಿಟ್ಟ, ಹೊರಮುಖವಾಗಿ ಮಾತ್ರ ತೆರೆದುಕೊಳ್ಳುವ ಒಂದು ಮರದ ಕದ. ಇಳಿತದ ವೇಳೆಯಲ್ಲಿ ಗದ್ದೆಯ ಮಳೆನೀರು ಆ ಕದವನ್ನು ತಳ್ಳಿ ಹೊರಕ್ಕೆ ಹೋಗುವುದು. ಉಬ್ಬರ ಬಂದಾಗ ಕಡಲಿನ ಒತ್ತಡವೇ ಕದವನ್ನು ಮುಚ್ಚುವುದು. ಇದಕ್ಕೆ ಕಾವಲುಗಾರನಿಲ್ಲ, ಬೀಗವಿಲ್ಲ. ತನ್ನನ್ನು ಹೊರಗಿಡುವ ಬಾಗಿಲನ್ನು ತಾನೇ ಹಾಕಿಕೊಳ್ಳುವಂತೆ ಸಮುದ್ರವನ್ನು ಒಪ್ಪಿಸಿದ ಬುದ್ಧಿ ಅದು. ಅಬ್ವಾತೋ ಎಂದು ಅದಕ್ಕೆ ಹೆಸರು.

ನಮ್ಮ ಉತ್ತರ ಕನ್ನಡದ ಅಘನಾಶಿನಿಯ ಗಜನಿ ಗದ್ದೆಗಳನ್ನೂ ಅಲ್ಲಿಯ ಒಡ್ಡುಗಳನ್ನೂ ಕಂಡವರಿಗೆ ಇದರ ಮರ್ಮ ಬೇಗನೆ ತಿಳಿದೀತು. ಭೇದವೇನೆಂದರೆ, ನಮ್ಮವರು ಉಪ್ಪನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆದು ಕಡಲಿಗೂ ವರ್ಷದಲ್ಲಿ ಅಷ್ಟು ತಿಂಗಳು ಎಂದು ಪಾಲು ಕೊಟ್ಟರು, ಅವರು ಉಪ್ಪನ್ನೇ ತೊಳೆದು ಗೋಧಿಯನ್ನು ಬಿತ್ತಿದರು. ತೊಳೆಯುವ ಕೆಲಸ ಮಳೆ ಮತ್ತು ಹಿಮದ್ದು. ಅದಕ್ಕೆ ಎರಡು ಮೂರು ವರ್ಷ ಬೇಕು. ಆವರೆಗೆ ಏರಿ ಕಟ್ಟಿದವನು ಕಾಯಬೇಕು. ತೊರೆಯ ಬಾಯಿಯನ್ನು ಕಟ್ಟುವ ಕೆಲಸವಂತೂ ಒಂದು ಇಳಿತಕ್ಕೂ ಮುಂದಿನ ಉಬ್ಬರಕ್ಕೂ ನಡುವಣ ಕೆಲವೇ ಗಂಟೆಗಳಲ್ಲಿ ಮುಗಿಯಬೇಕಾದುದರಿಂದ ಒಬ್ಬನ ಮನೆಯವರಿಂದ ಆಗದು. ಇಡೀ ಊರೇ ಇಳಿಯಬೇಕು. ಒಬ್ಬನ ಪಾಲಿನ ಏರಿ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಈ ಜನಕ್ಕೆ ದೊರೆಯ ಮೇಲೆ ಅಷ್ಟಾಗಿ ನಂಬಿಕೆಯಿಲ್ಲದೆ ನೆರೆಯವನ ಮೇಲೆ ಅಷ್ಟೊಂದು ನಂಬಿಕೆ ಹೇಗೆ ಬಂತೆಂಬುದಕ್ಕೆ ಉತ್ತರ ಈ ಕೆಸರಿನಲ್ಲಿದೆಯೆಂದು ನಾನು ತಿಳಿಯುತ್ತೇನೆ. ಇಂದಿನ ಹುಡುಗಿ 1735ರ ಒಂದು ಬೆಳಗ್ಗೆ ಇಲ್ಲಿ ಇಳಿದಳೆನ್ನಿ: ಯಾರೂ ಅವಳ ಕುಲಗೋತ್ರ ಕೇಳುವಷ್ಟು ಬಿಡುವಿನಲ್ಲಿಲ್ಲ, ನೀರು ಬರಲು ಇನ್ನು ಮೂರು ಗಂಟೆ, ಯಾರೋ ಅವಳ ಕೈಗೆ ಸಲಿಕೆ ತುರುಕುತ್ತಾರೆ, ಅವಳು ಕೊಯ್ದ ಮೊದಲ ಹೆಂಟೆ ಕೈಯಲ್ಲೇ ಚೂರಾಗುತ್ತದೆ. ಸಾಹಸಕಥೆಗೆ ಇದಕ್ಕಿಂತ ಒಳ್ಳೆಯ ಮೊದಲ ಅಧ್ಯಾಯ ಬೇಕೆ?

ಇನ್ನು ರಾಜಕಾರಣ. 1713ರ ಯೂಟ್ರೆಕ್ಟ್ ಒಪ್ಪಂದದಲ್ಲಿ ಫ್ರಾನ್ಸು ಈ ನೆಲವನ್ನು ಇಂಗ್ಲೆಂಡಿಗೆ ಬಿಟ್ಟುಕೊಟ್ಟಿತು. ಜನ ಅಲ್ಲಿಯೇ ಉಳಿದರು. ಹೊಸ ದೊರೆಗೆ ವಿಧೇಯರಾಗಿರುವೆವೆಂದು ಪ್ರಮಾಣ ಮಾಡಲು ಅವರು ಪೂರ್ತಿ ಒಪ್ಪಲೂ ಇಲ್ಲ, ಪೂರ್ತಿ ನಿರಾಕರಿಸಲೂ ಇಲ್ಲ. ನಾವು ವಿಧೇಯರು, ಆದರೆ ಫ್ರೆಂಚರ ಮೇಲಾಗಲಿ ಮಿಕ್‌ಮಾಕ್ ಮೂಲನಿವಾಸಿಗಳ ಮೇಲಾಗಲಿ ಆಯುಧ ಎತ್ತುವವರಲ್ಲ ಎಂದು ಪಟ್ಟುಹಿಡಿದರು. 1730ರಲ್ಲಿ ಗವರ್ನರ್ ಫಿಲಿಪ್ಸ್ ಈ ಷರತ್ತಿಗೆ ಬಾಯಿಮಾತಿನಲ್ಲಿ ಒಪ್ಪಿ, ಲಂಡನ್ನಿಗೆ ಕಳುಹಿಸಿದ ಕಾಗದದಲ್ಲಿ ಷರತ್ತಿನ ಸೊಲ್ಲನ್ನೇ ಎತ್ತದೆ, ಎರಡು ಕಡೆಯವರನ್ನೂ ಸಮಾಧಾನಪಡಿಸಿದನು. ಕಚೇರಿಯ ಈ ಜಾಣತನದ ಬಡ್ಡಿಯನ್ನು ಇಪ್ಪತ್ತೈದು ವರ್ಷಗಳ ಮೇಲೆ ಬೇರೆಯವರು ತೆತ್ತರು. 1749ರಲ್ಲಿ ಹ್ಯಾಲಿಫ್ಯಾಕ್ಸ್ ಪಟ್ಟಣ ಎದ್ದಿತು. 1755ರ ಜೂನ್ ತಿಂಗಳಲ್ಲಿ ಬೋಸೆಜೂರ್ ಎಂಬ ಫ್ರೆಂಚ್ ಕೋಟೆ ಇಂಗ್ಲಿಷರ ವಶವಾದಾಗ ಅದರೊಳಗೆ ಆಯುಧ ಹಿಡಿದ ಕೆಲವು ನೂರು ಅಕೇಡಿಯನ್ನರೂ ಸಿಕ್ಕಿದರು. ಲೆಫ್ಟಿನೆಂಟ್ ಗವರ್ನರ್ ಲಾರೆನ್ಸನಿಗೆ ಬೇಕಾಗಿದ್ದ ನೆಪ ಅಷ್ಟೇ. ಮೀನಾಸ್‌ನಿಂದ ಬಂದ ಪ್ರತಿನಿಧಿಗಳು ಷರತ್ತಿಲ್ಲದ ಪ್ರಮಾಣಕ್ಕೆ ಮೊದಲು ಒಪ್ಪಲಿಲ್ಲ. ಒಂದು ರಾತ್ರಿ ಯೋಚಿಸಿ ಒಪ್ಪುತ್ತೇವೆಂದಾಗ, ಹೊತ್ತು ಮೀರಿತೆಂದು ಹೇಳಿ ಅವರನ್ನು ಸೆರೆಗೆ ಹಾಕಿದರು. ಜುಲೈ 28ರಂದು ಹ್ಯಾಲಿಫ್ಯಾಕ್ಸಿನ ಕೌನ್ಸಿಲು ಇಡೀ ಜನಾಂಗವನ್ನು ಹಡಗುಗಳಿಗೆ ತುಂಬಿ ಬೇರೆ ಬೇರೆ ವಸಾಹತುಗಳಿಗೆ ಹಂಚಿಬಿಡುವುದೆಂದು ತೀರ್ಮಾನಿಸಿತು. ಒಂದೇ ಕಡೆ ಇಳಿಸಿದರೆ ಮತ್ತೆ ಒಟ್ಟುಗೂಡಿಯಾರೆಂಬ ಮುಂದಾಲೋಚನೆಯೂ ಅದರಲ್ಲಿತ್ತು.

ಆ ಕೌನ್ಸಿಲಿನಲ್ಲಿ ಸಲಹೆಗಾರರಾಗಿ ಕುಳಿತಿದ್ದವರಲ್ಲಿ ಅಡ್ಮಿರಲ್ ಬಾಸ್ಕಾವೆನ್ ಒಬ್ಬನು. ಭಾರತದ ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ: 1748ರಲ್ಲಿ ಪಾಂಡಿಚೇರಿಗೆ ಮುತ್ತಿಗೆ ಹಾಕಿ, ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ಮುಂದೆ ಏನೂ ನಡೆಯದೆ ಹಿಂದೆಗೆದವನು ಈತನೇ. ನಮ್ಮ ಪಠ್ಯಪುಸ್ತಕಗಳು ವಂದವಾಸಿಯ ಕಾಳಗವನ್ನೂ ಪ್ಲಾಸಿಯನ್ನೂ ನಮ್ಮ ಮನೆಯ ಕಥೆಯಾಗಿಯಷ್ಟೇ ಹೇಳುವುದರಿಂದ, ಅದೇ ಇಂಗ್ಲಿಷ್ ಮತ್ತು ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿಗಳ ದೇಶಗಳು, ಅದೇ ದಶಕದಲ್ಲಿ, ಕೆಲವೊಮ್ಮೆ ಅದೇ ಮನುಷ್ಯರ ಮೂಲಕ, ಭೂಮಿಯ ಇನ್ನೊಂದು ಬದಿಯಲ್ಲಿ ಏರಿ ಕಟ್ಟಿ ಗೋಧಿ ಬೆಳೆಯುತ್ತಿದ್ದ ರೈತರನ್ನು ಏನು ಮಾಡುತ್ತಿದ್ದವು ಎಂಬುದು ನಮಗೆ ತಿಳಿಯದೆಯೇ ಹೋಗುತ್ತದೆ. ಈ ಎರಡು ಲೆಕ್ಕಗಳೂ 1763ರ ಪ್ಯಾರಿಸ್ ಒಪ್ಪಂದದ ಒಂದೇ ಕಾಗದದಲ್ಲಿ ಚುಕ್ತಾ ಆದವು.

ಇನ್ನು ಎಲ್ಲ ಕಥೆಗಾರರೂ ಹೋಗಿ ಇಳಿಯುವ ಆ ಚರ್ಚು. ಮ್ಯಾಸಚೂಸೆಟ್ಸಿನ ಕರ್ನಲ್ ಜಾನ್ ವಿನ್‌ಸ್ಲೊ ಆಗಸ್ಟಿನಲ್ಲಿಯೇ ಗ್ರಾಂಪ್ರೆಗೆ ಬಂದು, ಪಾದ್ರಿಯ ಮನೆಯಲ್ಲಿ ಬಿಡಾರ ಮಾಡಿ, ಚರ್ಚಿನಲ್ಲಿದ್ದ ಪೂಜಾಸಾಮಗ್ರಿಗಳನ್ನು ತೆಗೆದಿಟ್ಟುಕೊಳ್ಳುವಂತೆ ಊರ ಹಿರಿಯರಿಗೆ ಸೌಜನ್ಯದಿಂದಲೇ ತಿಳಿಸಿ, ಫಸಲು ಕಣಜ ಸೇರುವವರೆಗೆ ಕಾದನು. ಆಮೇಲೆ, ದೊರೆಯ ಅಪ್ಪಣೆಯನ್ನು ಓದಿ ಹೇಳುವುದಿದೆ, ಮುದುಕರು ಯುವಕರು ಹತ್ತು ವರ್ಷದ ಹುಡುಗರವರೆಗೆ ಗಂಡಸರೆಲ್ಲ ಮಧ್ಯಾಹ್ನ ಮೂರು ಗಂಟೆಗೆ ಬರತಕ್ಕದ್ದು ಎಂದು ಸಾರಿಸಿದನು. 418 ಮಂದಿ ಬಂದರು. ನಿಮ್ಮ ನೆಲ, ಮನೆ, ದನಕರು ಎಲ್ಲವೂ ದೊರೆಗೆ ಸೇರಿದವು, ಹಣ ಮತ್ತು ಹೊರಲಾಗುವ ಮನೆಸಾಮಾನು ಮಾತ್ರ ನಿಮ್ಮದು, ನೀವು ಈ ಪ್ರಾಂತವನ್ನು ಬಿಡಬೇಕು ಎಂದು ದುಭಾಷಿಯ ಮೂಲಕ ಓದಿ ಹೇಳಲಾಯಿತು. ಅಲ್ಲಿಗೆ ಅವರು ಸೆರೆಯಾಳುಗಳು. ಊಟವನ್ನು ಮನೆಯ ಹೆಂಗಸರೇ ತಂದುಕೊಡಬೇಕಾಯಿತು; ದಿನಕ್ಕೆ ಇಪ್ಪತ್ತು ಮಂದಿ ಸರದಿಯ ಮೇಲೆ ಮನೆಗೆ ಹೋಗಿಬರಬಹುದು, ಅವರು ತಪ್ಪಿಸಿಕೊಂಡರೆ ಉಳಿದವರು ಹೊಣೆ. ಐದು ದಿನಗಳ ಮೇಲೆ, ತಂದೆಯರನ್ನು ಬಿಟ್ಟು ಹೋಗಲಾರೆವೆಂದ ಯುವಕರನ್ನು ಕೋವಿಯ ತುದಿಯ ಈಟಿಗಳ ಮುಂದೆ ಕಡಲದಂಡೆಗೆ ನಡೆಯಿಸಿ ಹಡಗು ಹತ್ತಿಸಿದರು. ಪ್ರಾರ್ಥಿಸುತ್ತ, ಹಾಡುತ್ತ, ಅಳುತ್ತ ಹೋದರೆಂದೂ ದಾರಿಯುದ್ದಕ್ಕೂ ಹೆಂಗಸರು ಮಕ್ಕಳು ನಿಂತಿದ್ದರೆಂದೂ ವಿನ್‌ಸ್ಲೊನ ದಿನಚರಿಯೇ ಹೇಳುತ್ತದೆ. ಅಕ್ಟೋಬರ್ ಕೊನೆಯಲ್ಲಿ ಹಡಗುಗಳು ಹೊರಟವು. ನವೆಂಬರಿನಲ್ಲಿ ಅವನ ಪಾಲಿನ ಊರುಗಳಲ್ಲಿ ಸುಟ್ಟದ್ದರ ಪಟ್ಟಿ: 255 ಮನೆ, 276 ಕಣಜ, 11 ಗಿರಣಿ, ಒಂದು ಪೂಜಾಮಂದಿರ. ಆ ಮನುಷ್ಯನಿಗೆ ಕೊಟ್ಟಿಗೆಗಳ ಲೆಕ್ಕವನ್ನೂ ಬೇರೆಯಾಗಿ ಬರೆದಿಡುವಷ್ಟು ಶಿಸ್ತು ಇತ್ತು.

ಈ ವಿನ್‌ಸ್ಲೊನನ್ನು ಖಳನನ್ನಾಗಿ ಮಾಡಿಬಿಡುವುದು ಕಿಶೋರರ ಕಥೆಗೆ ಸುಲಭ. ಮೀಸೆ ತಿರುವಿದರೆ ಸಾಕು. ಆದರೆ ಈ ಕೆಲಸ ತನ್ನ ಸ್ವಭಾವಕ್ಕೆ ಹಿಡಿಸದೆಂದು ಅವನು ಆ ಚರ್ಚಿನಲ್ಲಿಯೇ ಹೇಳಿ, ಅನಂತರ ಆ ಕೆಲಸವನ್ನು ಯಾವ ಕೊರತೆಯೂ ಇಲ್ಲದಂತೆ ಮಾಡಿದನು. ಅವನ ಪೂರ್ವಿಕನೊಬ್ಬನು 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಧರ್ಮಕ್ಕಾಗಿ ದೇಶ ಬಿಟ್ಟು ಬಂದವನು. ಅವನ ತಮ್ಮನ ಮನೆಯ ಮಗ ಎಡ್ವರ್ಡನು ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷ್ ದೊರೆಯ ಪಕ್ಷ ಹಿಡಿದು, ಊರಿಂದ ಹೊರಬಿದ್ದು, ಮಿಕ್ಕ ನಿಷ್ಠರೊಡನೆ ನ್ಯೂ ಬ್ರನ್ಸ್‌ವಿಕ್ಕಿಗೆ ಬಂದು ನೆಲೆಸಿದನು. ಹಾಗೆ ಬಂದ ನಿಷ್ಠರಿಗೆ ಜಾಗ ಬೇಕಾಗಿ, ಹೇಗೋ ಬದುಕಿ ಸೇಂಟ್ ಜಾನ್ ನದಿಯ ದಂಡೆಯಲ್ಲಿ ಮತ್ತೆ ಬೇರು ಬಿಟ್ಟಿದ್ದ ಅಕೇಡಿಯನ್ನರು 1785ರಲ್ಲಿ ಇನ್ನೊಮ್ಮೆ ಗಂಟುಮೂಟೆ ಕಟ್ಟಿ ಮ್ಯಾಡವಾಸ್ಕ ಸೀಮೆಗೆ ಹೋಗಬೇಕಾಯಿತು. ಇದನ್ನೆಲ್ಲ ಹೇಳುವ ಧೈರ್ಯ ಮಕ್ಕಳ ಪುಸ್ತಕಕ್ಕೆ ಏಕಿರಬಾರದು? ಹದಿನಾಲ್ಕು ವರ್ಷದವರು ಖಳನಿಲ್ಲದ ಕ್ರೌರ್ಯವನ್ನು ಅರಗಿಸಿಕೊಳ್ಳಲಾರರೆಂದು ಭಾವಿಸುವವರು ಆ ವಯಸ್ಸಿನವರ ಶಾಲೆಯ ಆಟದ ಬಯಲನ್ನು ಬಹುಕಾಲದಿಂದ ನೋಡಿಲ್ಲವೆಂದು ಕಾಣುತ್ತದೆ.

ಕಥೆಗಾರರೆಲ್ಲ ಚರ್ಚಿಗೇ ಹೋಗುವುದಕ್ಕೆ ಹಳೆಯ ಕಾರಣವೊಂದುಂಟು. 1847ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೊ ‘ಇವ್ಯಾಂಜಲೀನ್’ ಎಂಬ ಕಥನಕಾವ್ಯವನ್ನು ಪ್ರಕಟಿಸಿದನು. ಊಟದ ಮೇಜಿನಲ್ಲಿ ಕಾದಂಬರಿಕಾರ ಹಾಥಾರ್ನನ ಸ್ನೇಹಿತನಾದ ಪಾದ್ರಿಯೊಬ್ಬನಿಂದ ಕೇಳಿದ ಕಥೆ ಅದರ ಬೀಜ; ಲಾಂಗ್‌ಫೆಲೊ ಗ್ರಾಂಪ್ರೆಯನ್ನು ಎಂದೂ ಕಂಡವನಲ್ಲ. ಮದುವೆಯ ಹೊತ್ತಿನಲ್ಲಿ ಅಗಲಿ, ಬಾಳೆಲ್ಲ ಇನಿಯನನ್ನು ಅರಸಿ, ಸಾಯುವ ಘಳಿಗೆಯಲ್ಲಿ ಅವನನ್ನು ಕಾಣುವ ಆ ಕನ್ಯೆ ಕೇವಲ ಕಲ್ಪಿತೆ. ಆದಾಗ್ಯೂ ಅಕೇಡಿಯನ್ನರು ಅವಳನ್ನು ತಮ್ಮ ಮಗಳಂತೆ ಒಪ್ಪಿಕೊಂಡರು. 1920ರಲ್ಲಿ ಗ್ರಾಂಪ್ರೆಯಲ್ಲಿ ಅವಳ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಲೋಕವೇ ಮರೆತಿದ್ದ ಒಂದು ಜನಾಂಗಕ್ಕೆ ಹೊರಗಿನ ಕವಿಯೊಬ್ಬನು ಹೆಸರು ತಂದುಕೊಟ್ಟ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಉಪಕಾರದ ಜೊತೆಗೆ, ಅಕೇಡಿಯನ್ನರೆಂದರೆ ಕಣ್ಣೀರಿಟ್ಟು ಸಹಿಸುವ ಸಾಧುಜನರೆಂಬ ಮುದ್ರೆಯೂ ಬಿತ್ತು. 1979ರಲ್ಲಿ ಆಂತೋನಿನ್ ಮಾಯೆ ಎಂಬ ಅಕೇಡಿಯನ್ ಲೇಖಕಿ, ದಕ್ಷಿಣದ ಗಡಿಪಾರಿನಿಂದ ಎತ್ತಿನ ಬಂಡಿಯಲ್ಲಿ ತನ್ನವರನ್ನು ಊರಿಗೆ ಕರೆತರುವ ಪೆಲಾಜಿ ಎಂಬ ಗಟ್ಟಿಗಿತ್ತಿಯ ಕಾದಂಬರಿಯನ್ನು ಬರೆದು ಫ್ರಾನ್ಸಿನ ಗೋಂಕೂರ್ ಬಹುಮಾನವನ್ನು ಪಡೆದಾಗ ಆ ಮುದ್ರೆಗೆ ಮೊದಲ ದೊಡ್ಡ ಪೆಟ್ಟು ತಗುಲಿತು. ಕಿಶೋರ ಸಾಹಿತ್ಯ ಮಾತ್ರ ಇನ್ನೂ ಇವ್ಯಾಂಜಲೀನಳ ಸೆರಗನ್ನು ಹಿಡಿದುಕೊಂಡೇ ಇದೆ.

ಸಾಹಸವೇ ಬೇಕೆನ್ನುವವರಿಗೆ ಚರಿತ್ರೆಯೇನೂ ಬಡವಾಗಿಲ್ಲ. 1755ರ ಡಿಸೆಂಬರಿನಲ್ಲಿ ಅನ್ನಾಪೊಲಿಸ್ ರಾಯಲಿನಿಂದ ಉತ್ತರ ಕೆರೊಲಿನಕ್ಕೆಂದು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಹೊರಟ ಪೆಂಬ್ರೋಕ್ ಎಂಬ ಹಡಗನ್ನು ಆ ಗಡಿಪಾರಾದವರೇ ವಶಮಾಡಿಕೊಂಡು, ಕೊಲ್ಲಿಯನ್ನು ಮತ್ತೆ ದಾಟಿ, ಸೇಂಟ್ ಜಾನ್ ನದಿಯ ಮುಖಕ್ಕೆ ತಂದರು. ಇದಕ್ಕೆ ಮಾಯದ ಪದಕವೂ ಬೇಡ, ಭವಿಷ್ಯದಿಂದ ಬಂದ ಬುದ್ಧಿವಂತೆಯೂ ಬೇಡ. ಇಂದಿನ ಹುಡುಗಿಯೊಬ್ಬಳು ಆ ಹಡಗಿಗೆ ಹತ್ತಿ ಬೀಗ ತೆರೆಯುವ ಉಪಾಯ ಹೇಳಿಕೊಟ್ಟಳೆಂದು ಬರೆದರೆ, ಆ ಜನ ತಾವೇ ಮಾಡಿದ್ದನ್ನು ಅವರಿಂದ ಕಸಿದುಕೊಂಡಂತಾಯಿತು. ಮನೆ, ಗಿರಣಿ, ಗದ್ದೆ ಎಲ್ಲವನ್ನೂ ಒಮ್ಮೆ ಕಳೆದುಕೊಂಡವರ ಬಳಿ ಉಳಿದಿರುವ ಈ ಒಂದು ಸಾಹಸವನ್ನೂ ಕಥೆಗಾರರು ಮುಟ್ಟುಗೋಲು ಹಾಕಿಕೊಳ್ಳಬೇಕೆ?

ಉಳಿದವರು ಎಲ್ಲೆಲ್ಲಿಗೋ ಹೋದರು. ವರ್ಜೀನಿಯಕ್ಕೆ ಕಳುಹಿಸಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಆ ವಸಾಹತು ಒಲ್ಲೆನೆಂದು ಇಂಗ್ಲೆಂಡಿಗೆ ಸಾಗಹಾಕಿತು. ಅಲ್ಲಿ ಸಿಡುಬಿಗೆ ಅನೇಕರು ಬಲಿಯಾದರು. 1758ರ ಚಳಿಗಾಲದಲ್ಲಿ ಇಂದಿನ ಪ್ರಿನ್ಸ್ ಎಡ್ವರ್ಡ್ ದ್ವೀಪದಿಂದ ಅಕೇಡಿಯನ್ನರನ್ನು ಫ್ರಾನ್ಸಿಗೆ ಒಯ್ಯುತ್ತಿದ್ದ ಎರಡು ಹಡಗುಗಳು ನೂರಾರು ಜನರೊಡನೆ ಮುಳುಗಿದವು. 1785ರಲ್ಲಿ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಫ್ರಾನ್ಸಿನಿಂದ ಲೂಯಿಸಿಯಾನಕ್ಕೆ ಹೋಗಿ, ಮೊದಲೇ ಅಲ್ಲಿ ಸೇರಿದ್ದ ಬಂಧುಗಳನ್ನು ಕೂಡಿದರು. ಅವರ ಸಂತತಿಯೇ ಇಂದಿನ ಕೇಜನ್ ಜನ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ, ಕಥೆಗಾರರು ಅಷ್ಟಾಗಿ ಮುಟ್ಟದ ಪ್ರಸಂಗ ಬೇರೆಯೇ ಇದೆ. ಗ್ರಾಂಪ್ರೆ ಬರಿದಾದ ಮೇಲೆ ಏರಿಗಳನ್ನು ನೋಡಿಕೊಳ್ಳುವವರಿರಲಿಲ್ಲ. 1759ರ ನವೆಂಬರಿನಲ್ಲಿ ಎದ್ದ ಬಿರುಗಾಳಿ ಮತ್ತು ಮಹಾ ಉಬ್ಬರಕ್ಕೆ ಅವು ಒಡೆದು ಕಡಲು ಒಳನುಗ್ಗಿತು. ಮೂರು ತಲೆಮಾರು ಸಿಹಿಮಾಡಿದ ನೆಲ ಮತ್ತೆ ಉಪ್ಪಾಯಿತು. ಮರುವರ್ಷ ಕನೆಕ್ಟಿಕಟ್, ರೋಡ್ ಐಲೆಂಡ್, ಮ್ಯಾಸಚೂಸೆಟ್ಸ್‌ಗಳಿಂದ ಹೊಸ ಒಕ್ಕಲುಗಳು ಸರಕಾರದ ಆಹ್ವಾನದ ಮೇಲೆ ಬಂದು ಗದ್ದೆಗಳನ್ನು ಹಂಚಿಕೊಂಡವು. ಅವರು ಒಳ್ಳೆಯ ರೈತರೇ. ಆದರೆ ಕಡಲಿನ ಕೆಳಗಿನ ನೆಲವನ್ನು ಉಳುವ ವಿದ್ಯೆ ಅವರದಲ್ಲ. ಏರಿಯನ್ನು ಹೇಗೆ ಕಟ್ಟುವುದು, ತೂಬನ್ನು ಎಲ್ಲಿ ಹೂಳುವುದು ಎಂಬುದು ಅವರಿಗೆ ತಿಳಿಯದು. ತಿಳಿದವರು ಎಲ್ಲಿ? ಸಮೀಪದ ಫೋರ್ಟ್ ಎಡ್ವರ್ಡ್ ಕೋಟೆಯಲ್ಲಿ ಸೆರೆಯಲ್ಲಿದ್ದರು. ಗಡಿಪಾರನ್ನು ತಪ್ಪಿಸಿಕೊಂಡು ಕಾಡಿನಲ್ಲಿ ಅಡಗಿದ್ದು, ಹಸಿವಿನಿಂದ ಶರಣಾಗಿ ಬಂದ ಅಕೇಡಿಯನ್ನರು ಅವರು. ಅವರನ್ನು ಕೋಟೆಯಿಂದ ಹೊರತಂದು, ಕೂಲಿ ಕೊಟ್ಟು, ತಮ್ಮದಾಗಿದ್ದ ಏರಿಗಳನ್ನು ಪರರಿಗಾಗಿ ಮತ್ತೆ ಕಟ್ಟಲು ಹಚ್ಚಲಾಯಿತು. 1764ರಲ್ಲಿ ಅಕೇಡಿಯನ್ನರು ಪ್ರಮಾಣ ಮಾಡಿ ಸಣ್ಣ ಸಣ್ಣ ಗುಂಪುಗಳಾಗಿ ಪ್ರಾಂತದಲ್ಲಿ ನೆಲೆಸಬಹುದೆಂಬ ಅಪ್ಪಣೆಯಾಯಿತು. ಆದರೆ ಆ ಗದ್ದೆಗಳು ಅವರಿಗೆ ಮರಳಿ ಬರಲಿಲ್ಲ.

ಈ ಏರಿಯ ಮೇಲೆ ಹುಡುಗಿಯನ್ನು ಇಳಿಸಿ ನೋಡಿ. ಅವಳ ಪಕ್ಕದಲ್ಲಿ ಸಲಿಕೆ ಹಿಡಿದಿರುವ ಮುದುಕನು ತನ್ನ ತಂದೆ ಹಾಕಿದ ತೂಬು ಯಾವ ಜಾಗದಲ್ಲಿದೆಯೆಂದು ನೋಡದೆಯೇ ಬಲ್ಲನು. ಎದುರಿಗೆ ನಿಂತ ಕನೆಕ್ಟಿಕಟ್ಟಿನ ಹುಡುಗನಿಗೆ ಅವಳದೇ ವಯಸ್ಸು, ಈ ಬಯಲು ಯಾರದಾಗಿತ್ತೆಂದು ಅವನಿಗೆ ಅರ್ಧ ತಿಳಿದಿದೆ, ಅರ್ಧ ತಿಳಿಯುವುದು ಬೇಡವಾಗಿದೆ. ಮುದುಕನು ಹೆಂಟೆಯನ್ನು ಸರಿಯಾಗಿ ಕೊಯ್ಯುವುದನ್ನು ಆ ಹುಡುಗನಿಗೆ ಹೇಳಿಕೊಡಬೇಕೆ, ಇಲ್ಲವೆ ಮುಂದಿನ ಮಹಾ ಉಬ್ಬರಕ್ಕೆ ಒಡೆಯುವಂತೆ ಸಡಿಲವಾಗಿ ಕಟ್ಟಬೇಕೆ? ಕೂಲಿಯನ್ನು ಬಿಟ್ಟರೆ ಮನೆಯವರಿಗೆ ಕೂಳಿಲ್ಲ. ಭವಿಷ್ಯದ ಅರಿವು ಈ ಪ್ರಶ್ನೆಗೆ ಉತ್ತರ ಕೊಡದು. 1755 ಎಂಬ ಇಸವಿಯನ್ನು ಬಾಯಿಪಾಠ ಮಾಡಿದ ಹುಡುಗಿ ಇಲ್ಲಿ ಬಾಯಿ ಮುಚ್ಚಿ ನೋಡಬೇಕಾಗುತ್ತದೆ. ಆಕೆ ಯಾರನ್ನೂ ಉಳಿಸಲಾರಳು. ಆದರೆ ಆ ಕೈಗಳು ಮಾಡುವುದನ್ನು ಕಂಡು ಕಲಿಯಬಲ್ಲಳು.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಆ ನೆಲ ಫ್ರೆಂಚರದೂ ಅಲ್ಲ, ಇಂಗ್ಲಿಷರದೂ ಅಲ್ಲ, ಮಿಕ್‌ಮಾಕ್ ಜನರದು. ಅಕೇಡಿಯನ್ನರು ಅವರೊಡನೆ ಬೇರೆ ವಲಸೆಗಾರರಿಗಿಂತ ಚೆನ್ನಾಗಿ ಬಾಳಿದುದಕ್ಕೆ ಒಂದು ಕಾರಣ, ಅವರ ಬೇಟೆಯ ಕಾಡನ್ನು ಕಡಿಯದೆ ಕಡಲಿನಿಂದ ನೆಲ ಪಡೆದದ್ದೇ ಎಂದು ಹೇಳುವುದುಂಟು. ಅದರಲ್ಲಿ ಸತ್ಯವಿದೆ, ಆದರೆ ಆ ಜೌಗೂ ಮಿಕ್‌ಮಾಕರಿಗೆ ಹಕ್ಕಿ ಮೀನುಗಳ ತಾಣವಾಗಿತ್ತೆಂಬುದನ್ನು ಅದು ಮರೆಸುತ್ತದೆ. 1610ರಲ್ಲಿ ದೀಕ್ಷೆ ಪಡೆದ ಮೆಂಬೆರ್ತು ಎಂಬ ಅವರ ನಾಯಕನನ್ನು ಒಂದು ಅಧ್ಯಾಯದಲ್ಲಿ ಗರಿ ಸಿಕ್ಕಿಸಿಕೊಂಡು ಬಂದು ಹೋಗುವ ಪಾತ್ರವನ್ನಾಗಿ ಮಾಡಿ ಕೈತೊಳೆದುಕೊಳ್ಳುವ ಪುಸ್ತಕಗಳ ಬಗ್ಗೆ ನನಗೆ ಗೌರವವಿಲ್ಲ.

ಇಂದು ಅಕೇಡಿಯನ್ನರ ರಾಷ್ಟ್ರೀಯ ದಿನ ಆಗಸ್ಟ್ 15. 1881ರಲ್ಲಿ ಮೆಮ್ರಾಮ್‌ಕುಕ್ ಎಂಬಲ್ಲಿ ಸೇರಿದ ಸಮ್ಮೇಳನ ಕನ್ಯೆ ಮೇರಿಯ ಹಬ್ಬದ ಆ ದಿನವನ್ನು ಆರಿಸಿತು. ನಮ್ಮ ಸ್ವಾತಂತ್ರ್ಯ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ಕನ್ನಡ ಓದುಗರಿಗೆ ನೆನಪಿಡಲು ಸುಲಭವಾದೀತು. 2003ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಹೆಸರಿನ ಘೋಷಣೆಯೊಂದು ಆ ಗಡಿಪಾರಿನ ದುಃಖವನ್ನು ಒಪ್ಪಿಕೊಂಡು, ಜುಲೈ 28ನ್ನು ಸ್ಮರಣೆಯ ದಿನವಾಗಿ ಗೊತ್ತುಮಾಡಿತು. ಕಾನೂನಿನ ಹೊಣೆಯೇನೂ ಇದರಿಂದ ಬಾರದೆಂದು ಅದೇ ಕಾಗದದಲ್ಲಿ ಸೇರಿಸಲು ಮರೆಯಲಿಲ್ಲ. 2012ರಲ್ಲಿ ಯುನೆಸ್ಕೊ ಗ್ರಾಂಪ್ರೆಯ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಏರಿಗಳು ಕಾಯುವ ಸುಮಾರು 1,300 ಹೆಕ್ಟೇರು ಗದ್ದೆಯೂ ಆ ಪಟ್ಟಿಯೊಳಗೆ ಬಂತು; ಅಲ್ಲಿ ಇಂದಿಗೂ ಬೇಸಾಯ ನಡೆದಿದೆ, ಇಂದಿಗೂ ತೂಬಿನ ಕದವನ್ನು ಉಬ್ಬರವೇ ಮುಚ್ಚುತ್ತದೆ.

ಇಂಥ ಪುಸ್ತಕವನ್ನು ಬರೆಯುವವರು ಸಿಕ್ಕಾರು. ಪ್ರಕಾಶಕರು ಒಪ್ಪುವರೋ ಇಲ್ಲವೋ ಎಂಬುದೇ ಅನುಮಾನ. ಮುಖಪುಟಕ್ಕೆ ಉರಿಯುವ ಊರು, ಕೆಂಪಂಗಿಯ ಸೈನ್ಯ, ಹಡಗಿನ ಪಟ ಇವು ಬೇಕೆಂದು ಅವರು ಹಟ ಹಿಡಿಯುವರು; ಮೊಣಕಾಲವರೆಗೆ ಕೆಸರಾಗಿ, ಕೂಲಿಯ ಲೆಕ್ಕಕ್ಕೆ ಸಾಲಿನಲ್ಲಿ ನಿಂತ ಹುಡುಗಿಯ ಚಿತ್ರವನ್ನು ಯಾರು ಕೊಳ್ಳುವರೆಂದು ಕೇಳುವರು. ಅವರಿಗೆ ನನ್ನಲ್ಲಿರುವ ಉತ್ತರ ಇಷ್ಟೆ: ಒಮ್ಮೆ ಅಚ್ಚು ಹಾಕಿ, ಹದಿನಾಲ್ಕು ವರ್ಷದವರ ಕೈಗೆ ಕೊಟ್ಟು ನೋಡಿ.